ಮೊಟ್ಟೆ ತುಂಬಿದ ಗಿಡ್ಡ ಮೀನು

ತೋಟದ ಹೊಂಡದಲ್ಲಿ ಮೀನು ಬಿಟ್ಟ ಬೆಳೆಗಾರರಿಗೆ ಈ ಅನುಭವ ಹೊಸದಲ್ಲ. ಮಳೆಗಾಲದಲ್ಲಿ ಎಣಿಸಿ ಬಿಟ್ಟದ್ದು ಕೆಲವೇ ನೂರು ಮರಿ. ಬೇಸಿಗೆಯಲ್ಲಿ ಬಲೆ ಎಳೆದರೆ ಸಿಗುವುದು ಅದಕ್ಕಿಂತ ಹೆಚ್ಚು. ಆದರೆ ಎಲ್ಲವೂ ಗಿಡ್ಡ. ಹೊಟ್ಟೆ ಸೀಳಿದರೆ ಮೊಟ್ಟೆ. ಮೇವು ಸಾಲಲಿಲ್ಲವೆಂದು ನಾವು ಮರುಗುತ್ತೇವೆ. ಕಾರಣ ಅನೇಕ ವೇಳೆ ಮರಿಯ ತಳಿಯಲ್ಲೇ ಇರುತ್ತದೆ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಮಳೆಗಾಲದ ನದಿಯ ಹೊಸನೀರು ಬೇಕು. ಹಿಂದೆ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನಿನಿಂದ ಮೊಟ್ಟೆಯಿಡಿಸಿದರು. ಅಂದಿನಿಂದ ಮರಿಯ ಕೊರತೆ ನೀಗುವ ದಾರಿ ತೆರೆಯಿತು.

ಸಾಮಾನ್ಯ ಗೆಂಡೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ನಿಂತ ನೀರಿನಲ್ಲಿ ಹುಲ್ಲು ಜೊಂಡು ಕಂಡರೆ ಸಾಕು, ತಾನೇ ಮೊಟ್ಟೆಯಿಡುತ್ತದೆ. ನಮ್ಮ ಬಿಸಿ ಹವೆಯಲ್ಲಿ ಆರೇಳು ತಿಂಗಳಿಗೇ ಬಲಿಯುತ್ತದೆ. ತಿಂದದ್ದು ಮೈಗೆ ಹತ್ತುವ ಬದಲು ಮೊಟ್ಟೆಗೆ ಹೋಗುತ್ತದೆ. ಹುಟ್ಟಿದ ಮರಿಗಳು ಇದ್ದ ಮೇವಿಗೂ ಪಾಲು ಕೇಳುತ್ತವೆ.

ಬಯಲುಸೀಮೆಗೆ ಇದು ದೊಡ್ಡ ಪ್ರಶ್ನೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆಯೇ ಗತಿ. ಕೆರೆ ಬತ್ತುವುದರೊಳಗೆ ಮೀನು ತೂಕಕ್ಕೆ ಬರಬೇಕು. ನಮ್ಮ ತೋಟದ ಹೊಂಡದ ಲೆಕ್ಕವೂ ಇದೇ ಅಲ್ಲವೆ?

ಈ ಸಮಸ್ಯೆಯನ್ನು ಬೆಂಗಳೂರು ಬಳಿಯ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಕೈಗೆತ್ತಿಕೊಂಡಿತು. 1990ರ ದಶಕದಿಂದ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದ ಸಹಕಾರದೊಡನೆ ಗೆಂಡೆಯ ತಳಿಸುಧಾರಣೆಯ ಕೆಲಸ ನಡೆಯಿತು. ಹೊರದೇಶಗಳ ತಳಿಗಳನ್ನು ಸ್ಥಳೀಯ ಗೆಂಡೆಯೊಡನೆ ಬೆಳೆಸಿ ತೂಗಿ ನೋಡಿದರು. ಹಂಗರಿಯಿಂದ ಬಂದ ಅಮೂರ್ ತಳಿ ತಡವಾಗಿ ಬಲಿಯುತ್ತದೆ, ಬೇಗ ಬೆಳೆಯುತ್ತದೆ ಎಂದು ಕಂಡುಬಂತು. ಮುಂದೆ ಈ ತಳಿ ಈಶಾನ್ಯ ರಾಜ್ಯಗಳಿಗೂ ಹೋಯಿತು.

ಆದ್ದರಿಂದ ಮರಿ ಕೊಳ್ಳುವಾಗ ಬೆಲೆಯ ಜೊತೆಗೆ ತಳಿಯನ್ನೂ ಕೇಳಿರಿ. ಕೆರೆಯಲ್ಲಿ ತಾನಾಗಿ ಹುಟ್ಟಿದ ಮರಿಯನ್ನು ಪುಕ್ಕಟೆ ಸಿಕ್ಕಿತೆಂದು ತಂದು ಬಿಡಬೇಡಿ. ಬೆರಳುದ್ದ ಬೆಳೆದ ಮರಿಯೇ ಆಗಲಿ. ಎಕರೆ ನೀರಿಗೆ ಸುಮಾರು 2,000 ಮರಿ ಸಾಕು. ಮೇಲಿನ ನೀರಿಗೆ ಕಾಟ್ಲಾ, ನಡುವಿಗೆ ರೋಹು, ತಳಕ್ಕೆ ಮೃಗಾಲ್ ಮತ್ತು ಗೆಂಡೆ, ಹೀಗೆ ಹಂಚಿದರೆ ಮೇವು ವ್ಯರ್ಥವಾಗದು. ಅಂಚಿನ ಜೊಂಡು ತೆಗೆದರೆ ಗೆಂಡೆಗೆ ಮೊಟ್ಟೆಯಂಟಿಸಲು ಜಾಗ ಕಡಿಮೆಯಾಗುತ್ತದೆ.

ತೋಟಗಾರರು ಮರೆಯಬಾರದ ಮಾತು ಇನ್ನೊಂದಿದೆ. ಬೋರ್ಡೋ ದ್ರಾವಣದ ತಾಮ್ರ ಮೀನಿಗೆ ವಿಷ. ಕೊಳೆರೋಗಕ್ಕೆ ಔಷಧಿ ಹೊಡೆದ ಡ್ರಮ್ಮು, ಪಂಪುಗಳನ್ನು ಹೊಂಡದಲ್ಲಿ ತೊಳೆಯಕೂಡದು. ಕಾಫಿ ಪಲ್ಪಿಂಗ್ ನೀರು ಸೇರಿದರೆ ಆಮ್ಲಜನಕ ಇಳಿದು ಮೀನು ಬೆಳಗಾಗುವುದರೊಳಗೆ ತೇಲಬಹುದು.

ಕೊನೆಯದಾಗಿ, ಒಂದು ನೋಟ್‌ಪುಸ್ತಕವಿಡಿ. ಮರಿ ತಂದ ಸ್ಥಳ, ತಳಿ, ಬಿಟ್ಟ ದಿನ, ಸಂಖ್ಯೆ ಬರೆಯಿರಿ. ಹಿಡಿದಾಗ ಹತ್ತು ಮೀನು ತೂಗಿ, ಎಷ್ಟರಲ್ಲಿ ಮೊಟ್ಟೆಯಿತ್ತೆಂದು ಗುರುತು ಹಾಕಿ. ಹೆಸರಘಟ್ಟದಲ್ಲಿ ನಡೆದದ್ದೂ ಮೂಲತಃ ಈ ತೂಕ, ಈ ಲೆಕ್ಕವೇ. ಮುಂದಿನ ಮಳೆಗೆ ಯಾವ ಮರಿ ತರಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.