ಅರಮನೆ ಮೈದಾನ, ತೇರಹಳ್ಳಿ ಬೆಟ್ಟ

2007ರ ಮಾರ್ಚ್ 17, ಶನಿವಾರ. ಮಾಲೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿದ ನಾವು ಮೂವರು ಗೆಳೆಯರು ಬೆಂಗಳೂರು ಕಂಟೋನ್ಮೆಂಟ್‌ನಲ್ಲಿ ಇಳಿದು ಅರಮನೆ ಮೈದಾನಕ್ಕೆ ನಡೆದೇ ಹೋದೆವು. ಇಂಗ್ಲೆಂಡಿನ ಐರನ್ ಮೇಡನ್ ತಂಡ ಮೊದಲ ಬಾರಿಗೆ ಭಾರತದಲ್ಲಿ ಹಾಡುವುದಿತ್ತು. ದೆಹಲಿಯ ಪರಿಕ್ರಮ ತಂಡದ ಸರದಿ ಮುಗಿದು, ಕತ್ತಲಾಗಿ, ಮೇಡನ್‌ನ ಡ್ರಮ್ ಮೊಳಗಿದ್ದೇ ತಡ ಎದೆಗೂಡು ನಡುಗಿತು. ಆ ನಡುಕದ ಗುರುತು ನನಗಿತ್ತು. ಊರಹಬ್ಬದಲ್ಲಿ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಅಮ್ಮನ ಗುಡಿಗೆ ಹೊರಟಾಗ, ಮುಂದೆ ಬಡಿಯುವ ತಮಟೆ ಹುಟ್ಟಿಸುವ ನಡುಕವೇ ಅದು.

ಹಿಂತಿರುಗಲು ರೈಲಿರಲಿಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಳಗು ಮಾಡಿದೆವು. ಇಂಥ ರಾತ್ರಿ ಬೆಂಗಳೂರಿಗೇ ಏಕೆ ಒಲಿಯಿತು ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ.

ಬೇರು 1809ರಲ್ಲಿದೆ. ಬ್ರಿಟಿಷರು ಇಲ್ಲಿ ದಂಡು ಕಟ್ಟಿದಾಗ ಸೈನ್ಯದ ಜೊತೆಗೆ ಬ್ಯಾಂಡು ಬಂತು, ಚರ್ಚಿನ ಗಾಯನ ಬಂತು, ಆಂಗ್ಲೋ ಇಂಡಿಯನ್ ಮನೆಗಳಿಗೆ ಪಿಯಾನೊ, ಗಿಟಾರ್ ಬಂದವು. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಇಂದಿಗೂ ಆ ಕಾಲದ ಸಾಕ್ಷಿಯಾಗಿ ನಿಂತಿದೆ. 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್‌ನಂಥ ತಂಡ ಇಲ್ಲಿ ರಾಕ್ ನುಡಿಸಿತು. 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಹುಟ್ಟಿತು. ಅದೇ ವರ್ಷ ಶುರುವಾದ ಫ್ರೀಡಂ ಜಾಮ್, ಸ್ವಾತಂತ್ರ್ಯ ದಿನದ ನೆಪದಲ್ಲಿ ಹೊಸ ಹುಡುಗರಿಗೆ ವೇದಿಕೆ ಕೊಟ್ಟಿತು. ಹೀಗೆ ಕೇಳುವ ಕಿವಿಗಳು ಸಿದ್ಧವಾದ ಮೇಲೆಯೇ ದೊಡ್ಡ ತಂಡಗಳು ಬಂದದ್ದು. ಅರಮನೆ ಮೈದಾನದಲ್ಲಿ 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಹಾಡಿತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ.

ಅದೇ ಮೈದಾನದಲ್ಲಿ 2005ರ ಏಪ್ರಿಲ್ 23ರಂದು ಸಿ. ಅಶ್ವಥ್ 'ಕನ್ನಡವೇ ಸತ್ಯ' ನಡೆಸಿದರು. ಕನ್ನಡದ ಕವಿಗಳ ಹಾಡು ಕೇಳಲು ಲಕ್ಷದಷ್ಟು ಜನ ನೆರೆದರು. ಗಿಟಾರಿನ ಗದ್ದಲಕ್ಕೂ ಭಾವಗೀತೆಗೂ ಒಂದೇ ನೆಲ ಜಾಗ ಕೊಟ್ಟಿತು. ಮೂರು ವರ್ಷಗಳ ಬಳಿಕ, 2008ರಲ್ಲಿ, ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳಿಗೆ ಗಿಟಾರು, ಡ್ರಮ್ಮು ಜೋಡಿಸಿದರು. 2011ರಲ್ಲಿ ಲುಂಗಿ, ಗೆಜ್ಜೆ ತೊಟ್ಟ ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ದಂಡಿನ ಜೊತೆ ಬಂದ ವಾದ್ಯಗಳು ಎರಡು ಶತಮಾನ ಕಳೆದು ಶರೀಫರ ಪದ ಹೊತ್ತು ತವರಿಗೆ ಮರಳಿದ್ದವು.

ಇನ್ನು ನಮ್ಮ ಕೋಲಾರ ಜಿಲ್ಲೆ. ಮುಳಬಾಗಿಲಿನ ಶ್ರೀಪಾದರಾಜರು 15ನೇ ಶತಮಾನದಲ್ಲೇ ಭಕ್ತಿಗೆ ಕನ್ನಡದ ಹಾಡು ಕಟ್ಟಿದವರು. ದಲಿತ ಚಳವಳಿಯ ದಿನಗಳಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಹಾಡು ಬರೆದರು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಊರೂರು ತಿರುಗಿ ಹಾಡಿದರು. ಮೈಕಿಲ್ಲದ ಕಡೆ ತಮಟೆಯೇ ಜನರನ್ನು ಕೂಡಿಸಿತು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಚರ್ಮ ಬಿಗಿಯಾದ ಮೇಲೆ ಎರಡು ಕೋಲಿನಿಂದ ನುಡಿಸಿದರೆ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರ ಪಿಂಡಿಪಾಪನಹಳ್ಳಿ ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. 2007ರವರೆಗೆ ಅದು ಕೋಲಾರ ಜಿಲ್ಲೆಯದೇ ಊರು.

ಚಳವಳಿಯ ಗೆಳೆಯರು ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿ 'ಆದಿಮ' ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಅಲ್ಲಿ ಬೆಳೆದ 'ಹುಣ್ಣಿಮೆ ಹಾಡು' ತಿಂಗಳಿಗೊಮ್ಮೆ ಬೆಳದಿಂಗಳಲ್ಲಿ ಜನರನ್ನು ಕಲ್ಲುಬಂಡೆಗಳ ನಡುವೆ ಕೂರಿಸಿ ಹಾಡು, ನಾಟಕ ಉಣಬಡಿಸಿತು. ಅಲ್ಲಿಗೆ ಟಿಕೆಟ್ಟು ಬೇಡ, ಬೆಟ್ಟವೇರುವ ಕಾಲು ಸಾಕು ಎಂಬುದೇ ಅದರ ಹೆಚ್ಚುಗಾರಿಕೆ.

ಸಂಗೀತದ ನಗರ ತಾನಾಗಿ ಹುಟ್ಟುವುದಿಲ್ಲ. ಬಯಲು ಬೇಕು, ಅದನ್ನು ಹಾಡಿಗೆಂದು ಬಿಟ್ಟುಕೊಡುವ ಮನಸ್ಸು ಬೇಕು, ಹೊಸಬರನ್ನು ನಿಂತು ಕೇಳುವ ಜನ ಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹಾಡುವವರಿಗೆ ಬರವಿಲ್ಲ. ಒಂದೊಂದು ತಾಲ್ಲೂಕಿನಲ್ಲೂ ಒಂದು ಬಯಲು ರಂಗ ಉಳಿಸಿಕೊಳ್ಳೋಣ. ನಮ್ಮ ಮಕ್ಕಳು ರೈಲು ಹತ್ತಿ ದೂರದ ರಾಕ್ ಕೇಳಿ ಬರಲಿ. ಬಂದು ಹಾಡಲು ಊರಲ್ಲೂ ಅವರಿಗೊಂದು ಜಾಗವಿರಲಿ.