ಮಕ್ಕಳ ಗೇರ್ ಸೈಕಲ್: ಕೊಂಡರಷ್ಟೇ ಸಾಲದು

ಈಗ ನಮ್ಮ ಮನೆಗಳಲ್ಲಿ ಮಕ್ಕಳು ಸೈಕಲ್ ಕೇಳಿದರೆ ಸಾದಾ ಸೈಕಲ್ ನಡೆಯುವುದಿಲ್ಲ. ದಪ್ಪ ಟಾಯರಿನ, ಗೇರ್ ಇರುವ ‘ಮೌಂಟನ್ ಬೈಕ್’ ಬೇಕು. ಬೆಟ್ಟವಿಲ್ಲದ ಅಕ್ಕಲಕೋಟೆ, ಜತ್ತದ ಎರೆಭೂಮಿಯಲ್ಲಿ ಇದೇಕೆ ಎಂದು ಹಿರಿಯರು ಗೊಣಗುವುದುಂಟು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಎಂಬಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಾಯರಿನ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸುತ್ತಿದ್ದರು. ಬ್ರೇಕ್ ಹಿಡಿದು ಹಿಡಿದು ಹಬ್ಬಿನೊಳಗಿನ ಗ್ರೀಸ್ ಸುಟ್ಟುಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಾಗುತ್ತಿದ್ದರಿಂದ 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಅಲ್ಲಿಂದ ಬೆಳೆದ ಸೈಕಲ್ ಇದು. ತಗ್ಗುದಿಣ್ಣೆಯ ನಮ್ಮ ಹಳ್ಳಿರಸ್ತೆಗೂ ದಪ್ಪ ಟಾಯರ್ ಒಳ್ಳೆಯದೇ.

ನಾವು ವ್ಯಾಪಾರಸ್ಥರು. ‘ಬೆಳೆಯುವ ಹುಡುಗ, ಒಂದು ಸೈಜು ದೊಡ್ಡದೇ ಇರಲಿ, ಮೂರು ವರ್ಷ ಬಂದೀತು’ ಎಂದು ಲೆಕ್ಕ ಹಾಕುತ್ತೇವೆ. ಅಂಗಿಗೆ ಈ ಲೆಕ್ಕ ಸರಿ, ತೋಳು ಮಡಚಬಹುದು. ಸೈಕಲ್ಲಿನ ಫ್ರೇಮ್ ಮಡಚಲಾಗದು. ಮಗುವನ್ನು ಅಂಗಡಿಗೆ ಕರೆದೊಯ್ದು ಫ್ರೇಮಿನ ಎರಡೂ ಬದಿಗೆ ಕಾಲಿಟ್ಟು ನಿಲ್ಲಿಸಿರಿ. ಎರಡೂ ಪಾದ ಪೂರ್ತಿ ನೆಲದ ಮೇಲಿದ್ದು, ಮೇಲಿನ ನಳಿಕೆಗೂ ತೊಡೆಸಂದಿಗೂ ನಡುವೆ ಒಂದೆರಡು ಇಂಚು ಬಿಡುವಿರಬೇಕು. ನಾಲ್ಕೂಕಾಲು ಅಡಿಯ ಮಗುವಿಗೆ 20 ಇಂಚಿನ ಗಾಲಿ ಸಾಕು. ನಾಲ್ಕೂವರೆ ಅಡಿ ದಾಟಿದರೆ 24. ವಯಸ್ಸು ನೋಡಬೇಡಿರಿ, ಎತ್ತರ ನೋಡಿರಿ. ಹಿಂದೆಯೂ ಮುಂದೆಯೂ ಸ್ಪ್ರಿಂಗ್ ಇರುವ ಅಗ್ಗದ ಸೈಕಲ್ ನೋಡಲು ಚೆಂದ, ಆದರೆ ಬಹಳ ಭಾರ. ಆ ಹಣವನ್ನು ಒಳ್ಳೆಯ ಬ್ರೇಕಿಗೆ ಕೊಡುವುದು ಮೇಲು.

ಡಬ್ಬಿಯಿಂದ ತೆಗೆದು ಅವಸರದಲ್ಲಿ ಜೋಡಿಸಿದ ಸೈಕಲ್ಲನ್ನು ನಂಬಬಾರದು. ನಮ್ಮ ಮನೆಗೆ ಬಂದ ಒಂದು ಹೊಸ ಸೈಕಲ್ಲಿಗೆ ಅಂಗಡಿಯ ಹುಡುಗರು ಮುಂದಿನ ಫೋರ್ಕನ್ನೇ ಹಿಂದುಮುಂದಾಗಿ ಕೂಡಿಸಿದ್ದರು. ಹಾಗಾದರೆ ಹ್ಯಾಂಡಲ್ ಚಂಚಲವಾಗುತ್ತದೆ, ತಿರುವಿನಲ್ಲಿ ಕಾಲ್ಬೆರಳು ಗಾಲಿಗೆ ತಾಗುತ್ತದೆ. ರಿಮ್ಮಿನ ಎರಡೂ ಬದಿ ಹಿಡಿಯುವ ಬ್ರೇಕಾದರೆ ಅದರ ಕೈಗಳು ಫೋರ್ಕಿನ ಮುಂಬದಿಗಿವೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಎಡ ಪೆಡಲಿನ ಆಟಿ ಉಲ್ಟಾ ಇರುತ್ತದೆ. ಅದನ್ನು ಬಲಕ್ಕೆ ತಿರುಗಿಸಿ ಬಿಗಿದರೆ ಕ್ರ್ಯಾಂಕ್ ಹಾಳಾದಂತೆಯೇ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಇರುತ್ತದೆ, ಆ ಗೆರೆ ಹೊರಗೆ ಕಾಣುವಷ್ಟು ಸೀಟನ್ನು ಎತ್ತಬಾರದು. ಹೊಸದಾಗಿ ಕಲಿಯುವ ಮಗುವಿಗೆ ಕೂತಲ್ಲಿಂದ ಎರಡೂ ಕಾಲಿನ ಬೆರಳು ನೆಲಕ್ಕೆ ಎಟುಕಲಿ. ಧೈರ್ಯ ಬಂದ ಮೇಲೆ, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಏರಿಸಿರಿ.

ಇನ್ನು ಬ್ರೇಕು. ಇದರಲ್ಲಿ ಮಾತ್ರ ಜಿಪುಣತನವೂ ಬೇಡ, ಅವಸರವೂ ಬೇಡ. ರಬ್ಬರು ರಿಮ್ಮಿಗೆ ಪೂರ್ತಿ ಕೂಡಬೇಕು. ಟಾಯರಿಗೆ ತಾಗಿದರೆ ಟಾಯರ್ ಕೊಯ್ದು ಒಮ್ಮೆಲೇ ಸಿಡಿಯುತ್ತದೆ. ಮಗುವೇ ಹಿಡಿದು ನೋಡಲಿ. ಹಿಡಿಕೆ ಅರ್ಧ ಬರುವಷ್ಟರಲ್ಲಿ ಗಾಲಿ ನಿಲ್ಲಬೇಕು. ಅಪ್ಪನ ಕೈಗೆ ಎಟುಕುವ ಹಿಡಿಕೆ ಮಗುವಿನ ಬೆರಳಿಗೆ ಎಟುಕುವುದಿಲ್ಲ! ಅದಕ್ಕಾಗಿಯೇ ಅನೇಕ ಹಿಡಿಕೆಗಳಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ತಿರುಗಿಸಿದರೆ ಹಿಡಿಕೆ ಹತ್ತಿರ ಬರುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಲಗೈಗೆ ಮುಂದಿನ ಬ್ರೇಕು. ಇಳಿಜಾರಿನಲ್ಲಿ ಅದೊಂದನ್ನೇ ಜೋರಾಗಿ ಹಿಡಿದರೆ ಮಗು ಹ್ಯಾಂಡಲ್ ಮೇಲಿಂದ ಮುಂದೆ ಬೀಳುತ್ತದೆ. ಎರಡನ್ನೂ ಕೂಡಿ ಹಿಡಿಯುವುದನ್ನು ಅಂಗಳದಲ್ಲೇ ರೂಢಿ ಮಾಡಿಸಿರಿ. ಪಂಕ್ಚರಿಗೆ ಗಾಲಿ ಬಿಚ್ಚುವಾಗ ಬ್ರೇಕಿನ ತಂತಿಯನ್ನು ಕಳಚಿರುತ್ತಾರೆ, ಮರಳಿ ಸಿಕ್ಕಿಸಿದ್ದಾರೆಯೇ ನೋಡದೆ ಮಗುವನ್ನು ಹತ್ತಿಸಬೇಡಿರಿ.

ಗೇರಿನ ಲೆಕ್ಕ ನಮಗೆ ಸುಲಭ. ಮುಂದಿನ ಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 14 ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ 3 ಸುತ್ತು. 24 ಇಂಚಿನ ಸೈಕಲ್ ಸುಮಾರು 19 ಅಡಿ ಓಡುತ್ತದೆ. ಮುಂದೆ 24, ಹಿಂದೆ 28 ಹಲ್ಲಾದರೆ ಐದೂವರೆ ಅಡಿಯಷ್ಟೇ, ಆದರೆ ಏರಿನಲ್ಲಿ ಕಾಲಿಗೆ ಹಗುರ. ಎಡಗೈ ಮುಂದಿನದನ್ನು, ಬಲಗೈ ಹಿಂದಿನದನ್ನು ಬದಲಿಸುತ್ತದೆ. ನಿಂತ ಸೈಕಲ್ಲಿನ ಗೇರ್ ತಿರುವಬಾರದು. ಏರು ಬರುವ ಮೊದಲೇ, ಹಗುರಾಗಿ ತುಳಿಯುತ್ತ ಬದಲಿಸಬೇಕು. ದೊಡ್ಡದಕ್ಕೆ ದೊಡ್ಡದು, ಸಣ್ಣದಕ್ಕೆ ಸಣ್ಣದು ಹಾಕಿದರೆ ಚೈನ್ ಓರೆಯಾಗಿ ಬೇಗ ಸವೆಯುತ್ತದೆ. ಮೊದಲ ತಿಂಗಳಲ್ಲಿ ಹೊಸ ತಂತಿ ಸಡಿಲಾಗಿ ಗೇರ್ ಜಿಗಿಯತೊಡಗಿದರೆ ಗಾಬರಿ ಬೇಡ, ಅಂಗಡಿಯವನಿಂದ ಬಿಗಿ ಮಾಡಿಸಿಕೊಳ್ಳಿರಿ.

ಗಾಳಿ ಎಷ್ಟೆಂದು ಟಾಯರಿನ ಬದಿಗೇ ಬರೆದಿರುತ್ತದೆ. ಮೋಟಾರ್ ಸೈಕಲ್ಲಿನಂಥ ವಾಲ್ ಇದ್ದರೆ ಪೆಟ್ರೋಲ್ ಪಂಪಿನಲ್ಲೂ ತುಂಬಿಸಬಹುದು. ಆದರೆ ಸಣ್ಣ ಟ್ಯೂಬ್ ಕ್ಷಣದಲ್ಲಿ ತುಂಬಿ ಒಡೆಯುತ್ತದೆ, ಸ್ವಲ್ಪ ಸ್ವಲ್ಪವೇ ಬಿಡಬೇಕು. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಿನ ಅಂತರದಲ್ಲಿ ಕೂಡಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಮಕ್ಕಳು ಕತ್ತಲಲ್ಲಿ ಸೈಕಲ್ ಹೊಡೆಯುವುದು ಕಡಿಮೆ. ಆದರೂ ಹಿಂದಿನ ಕೆಂಪು ರಿಫ್ಲೆಕ್ಟರ್ ತೆಗೆಯಬೇಡಿರಿ.

ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಟಾಯರಿಗೂ ಬ್ರೇಕಿಗೂ ನಡುವೆ ಮೆತ್ತಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ಒಣಗುವ ಮೊದಲೇ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿರಿ. ರಿಮ್ಮಿಗೆ ಮಾತ್ರ ಎಣ್ಣೆ ತಾಗಬಾರದು.