ಶಿಖರ ಕಳಚಿದ ರಥ

2017ರಲ್ಲಿ ಚಲಾವಣೆಗೆ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವ ಹಂಪಿಯ ಕಲ್ಲಿನ ರಥ ಇಂದು ಇಡೀ ದೇಶದ ಪರಂಪರೆಯ ಗುರುತಾಗಿದೆಯಾದರೂ, ಅಲ್ಲಿ ಕಾಣುವ ಬೋಳು ನೆತ್ತಿ ಅದರ ಹಳೆಯ ರೂಪವಲ್ಲ. ವಿಠ್ಠಲನ ಗುಡಿಯ ಅಂಗಳದಲ್ಲಿ ದೇವರಿಗೆ ಎದುರಾಗಿ ನಿಂತಿರುವ ಇದು ವಾಸ್ತವವಾಗಿ ತೇರಿನ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಗುಡಿಯೆಂದ ಮೇಲೆ ಅದಕ್ಕೊಂದು ಶಿಖರವೂ ಇತ್ತು.

ಆ ಶಿಖರಕ್ಕೆ ಸಾಕ್ಷಿಯಾಗಿರುವುದು 1856ರ ಒಂದು ಛಾಯಾಚಿತ್ರ. ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಆ ವರ್ಷ ಹಂಪಿಯ ಬಂಡೆಗಳ ನಡುವೆ ದೊಡ್ಡ ಕ್ಯಾಮೆರಾ ಹೂಡಿ, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ಹಿಡಿದನು. ಕಾಗದಕ್ಕೆ ಮೇಣ ಕುಡಿಸಿದರೆ ಬೆಳಕು ಅದರೊಳಗೆ ಸುಲಭವಾಗಿ ಹಾಯುತ್ತದೆ. ಗಾಜಿನ ಫಲಕದಷ್ಟು ಭಾರವಿಲ್ಲದ ಅದನ್ನು ಮೊದಲೇ ಸಿದ್ಧಪಡಿಸಿ ದೂರದ ಊರುಗಳಿಗೆ ಒಯ್ಯಬಹುದಿತ್ತು. ಆದರೆ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿದ್ದುದರಿಂದ, ಕದಲದೆ ನಿಂತ ಕಲ್ಲು ಅಚ್ಚಳಿಯದೆ ಮೂಡಿದರೆ, ನಡೆದು ಹೋದ ಮನುಷ್ಯ ಮಸುಕಾಗಿಯೋ ಇಲ್ಲವಾಗಿಯೋ ಹೋಗುತ್ತಿದ್ದನು. ಗ್ರೀನ್‌ಲಾನ ಚಿತ್ರದಲ್ಲಿ ರಥದ ಕಪೋತದ, ಅಂದರೆ ಬಾಗಿ ಚಾಚಿದ ಕಲ್ಲಿನ ಸೂರಿನ, ಮೇಲೆ ಇಟ್ಟಿಗೆ ಗಾರೆಗಳ ಶಿಖರ ಎದ್ದು ನಿಂತಿದೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಅದನ್ನು ತೆಗೆಯಲಾಗಿತ್ತು.

ಹಂಪಿಯ ಬಗೆಗಿನ ಕಲ್ಪನೆ ನಾಡಿನಲ್ಲಿ ಬೇರೂರಿದ್ದು ಇದಾದ ಮೇಲೆ ಎಂಬುದು ಗಮನಾರ್ಹ. ಪುರಾತತ್ವ ಇಲಾಖೆಯ ಲಾಂಗ್‌ಹರ್ಸ್ಟ್ ಬರೆದ ಸಚಿತ್ರ ಗ್ರಂಥವು ಹೆಸರಿನಲ್ಲೇ ಹಂಪಿಯನ್ನು ಅವಶೇಷವೆಂದು ಕರೆಯುತ್ತ 1917ರಲ್ಲಿ ಹೊರಬಂದಿತು. ಅದೇ ವರ್ಷ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಗಿ ಕನ್ನಡಿಗರಲ್ಲಿ ಅಭಿಮಾನ ಎಬ್ಬಿಸಿತು. ವಿಜಯನಗರದ 600ನೇ ವರ್ಷದ ಉತ್ಸವ ನಡೆದ 1936ರ ವೇಳೆಗೆ ‘ಹಾಳು ಹಂಪೆ’ ಎಂಬ ಮಾತು ನಿಟ್ಟುಸಿರೂ ಹೌದು, ಹೆಮ್ಮೆಯೂ ಹೌದು ಎಂಬಂತಾಗಿತ್ತು. ಗ್ರೀನ್‌ಲಾನ ನೆಗೆಟಿವ್‌ಗಳಾದರೋ 1980ರ ಸುಮಾರಿಗಷ್ಟೇ ಬೆಳಕಿಗೆ ಬಂದವು. ಅಷ್ಟರಲ್ಲಿ ಬೋಳು ರಥವೇ ನಿಜವಾದ ರಥವಾಗಿ ಜನರ ಕಣ್ಣಿಗೆ ಒಗ್ಗಿಹೋಗಿತ್ತು.

ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅದೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದನು. ಆ ಜೋಡಿ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹಂಪಿ ಹಾಳಾದುದು 1565ರ ಯುದ್ಧದ ನಂತರ ಒಮ್ಮೆಗೇ ಅಲ್ಲ, ಅದರ ಒಂದಷ್ಟು ಭಾಗ ಕ್ಯಾಮೆರಾ ಬಂದ ಮೇಲೂ ಕಳೆದುಹೋಗಿದೆ ಎಂಬುದು ಸ್ಪಷ್ಟವಾಗುತ್ತದೆ. ಈ ದಾಖಲೆಗೆ ಬೆಲೆ ಕಟ್ಟಲಾಗದು.

1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಿರ್ಜನವಾದ ಕಲ್ಲಿನ ನಗರವೇ ಹಂಪಿ ಎಂದು ಚಿತ್ರಗಳು ಕಲಿಸಿದ್ದರಿಂದ, ವಿರೂಪಾಕ್ಷನ ಬೀದಿಯ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರು ಪರಂಪರೆಯ ಭಾಗವೆಂದು ಯಾರಿಗೂ ಸುಲಭವಾಗಿ ತೋರಲಿಲ್ಲ. 2011ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಚೈತ್ರದ ಜಾತ್ರೆಯಲ್ಲಿ ಮಾತ್ರ ಅದೇ ಬೀದಿ ಜನರಿಂದ ತುಂಬುತ್ತದೆ, ಮತ್ತು ಅವರು ಎಳೆಯುವ ಮರದ ತೇರಿನ ಮೇಲೆ ಬಟ್ಟೆಯ ಶಿಖರ ಕಳಸದವರೆಗೂ ಏರಿರುತ್ತದೆ.